ಬರೋಕಾಗದೇ ಹೋದರೆ

ಪ್ರೀತಿಯ ಪುಟ್ಟಿಗೆ, ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಹಡಗಿನಲ್ಲಿ ಅಂಟಾರ್ಕ್ಟಿಕಾಗೆ ಹೊರಟಿದ್ದೀನಿ ಅಂತ, ಪುಟಗಟ್ಟಲೆ ಪೆಂಗ್ವಿನ್, ತಿಮಿಂಗಿಲ, ಹಿಮ ಅಂತ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದೀಯ. "ಮಾವ, ನಾನು ಅಲ್ಲಿರುವಾಗ ಅಮ್ಮನಿಗೆ ಏನಾದರೂ ಆಗಿ, ನನಗೆ ಬರೋಕಾಗದೇ ಹೋದರೆ?" ಉಳಿದದ್ದನ್ನೆಲ್ಲ ಖುಷಿಯಿಂದ ಓದಿದೆ. ಆ ಸಾಲು ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಹಡಗು ಮುಳುಗಿದರೆ ಅಂತ ಕೇಳಿದ್ದಿದ್ದರೆ ನನಗೆ ಸುಲಭ ಆಗುತ್ತಿತ್ತು. 2007ರ ನವೆಂಬರಿನಲ್ಲಿ ಎಕ್ಸ್‌ಪ್ಲೋರರ್ ಎಂಬ ಸಣ್ಣ ಕೆಂಪು ಹಡಗು ಅಂಟಾರ್ಕ್ಟಿಕಾದ ದಕ್ಷಿಣ ಶೆಟ್ಲೆಂಡ್ ದ್ವೀಪಗಳ ಹತ್ತಿರ ಹಿಮಕ್ಕೆ ತಾಗಿ ಮುಳುಗಿತು. ಅದರಲ್ಲಿದ್ದ 154 ಜನ ಗಂಟೆಗಟ್ಟಲೆ ಚಳಿಯಲ್ಲಿ ಲೈಫ್‌ಬೋಟುಗಳಲ್ಲಿ ಕೂತಿದ್ದರು. ನಾರ್ವೆಯ ಹಡಗೊಂದು ಬಂದು ಎಲ್ಲರನ್ನೂ ಹತ್ತಿಸಿಕೊಂಡಿತು. ಒಬ್ಬರೂ ಸಾಯಲಿಲ್ಲ. 2017ರಿಂದ ಧ್ರುವದ ನೀರಿಗೆ ಹೋಗುವ ಹಡಗುಗಳಿಗೆ ಪೋಲಾರ್ ಕೋಡ್ ಅಂತ ಬೇರೆಯೇ ನಿಯಮ ಇದೆ. ಹಡಗಿನ ಕಟ್ಟುಮಸ್ತು, ಲೈಫ್‌ಬೋಟು, ಅಧಿಕಾರಿಗಳ ತರಬೇತಿ ಎಲ್ಲವೂ ಅದರಲ್ಲಿ ಬರುತ್ತದೆ. ಎಂಜಿನ್ ರೂಮಿನಲ್ಲಿ ಆಯುಷ್ಯ ಕಳೆದವನು ನಾನು. ಈ ಪ್ರಶ್ನೆಗೆ ನಿನಗೆ ಧೈರ್ಯ ಹೇಳಬಲ್ಲೆ. ನೀನು ಕೇಳಿದ್ದು ಇದಲ್ಲ.

ನೀನು ಕೇಳಿದ್ದಕ್ಕೆ ಸುತ್ತಿ ಬಳಸಿ ಹೇಳುವುದಿಲ್ಲ. ಬರೋಕಾಗುವುದಿಲ್ಲ, ಪುಟ್ಟಿ. ಹಡಗಿನಲ್ಲೇ ಯಾರಿಗಾದರೂ ಜೀವಕ್ಕೆ ಕುತ್ತು ಬಂದರೆ ಕ್ಯಾಪ್ಟನ್ ದಾರಿ ಬದಲಿಸುತ್ತಾನೆ. ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಲ್ಲಿ ಚಿಲಿಯವರ ವಿಮಾನ ಇಳಿಯುವ ಜಾಗ ಇದೆ. ಮಂಜು ಕವಿಯದಿದ್ದರೆ ಅಲ್ಲಿಂದ ಚಿಲಿಯ ಪುಂತಾ ಅರೇನಸ್ ಊರಿಗೆ ಎರಡು ಗಂಟೆ ಚಿಲ್ಲರೆ. ಆದರೆ ಒಬ್ಬ ಪ್ರಯಾಣಿಕರ ಊರಿನ ಸುದ್ದಿಗಾಗಿ ಹಡಗು ತಿರುಗುವುದಿಲ್ಲ. ಒಂದು ಪಕ್ಷ ತಿರುಗಿತು ಅಂತಲೇ ಇಟ್ಟುಕೋ. ಡ್ರೇಕ್ ಜಲಸಂಧಿ ದಾಟಿ, ನೀನು ಹಡಗು ಹತ್ತುವ ಅರ್ಜೆಂಟೀನಾದ ಉಶುವಾಯಾ ಬಂದರಿಗೆ ಬರಲು ಎರಡು ದಿನ ಬೇಕು. ಅಲ್ಲಿಂದ ಬ್ಯೂನಸ್ ಐರಿಸ್‌ಗೆ ವಿಮಾನ, ಮತ್ತೆ ಇನ್ನೊಂದು ದೇಶದಲ್ಲಿ ವಿಮಾನ ಬದಲಿಸಿ ಬೆಂಗಳೂರು. ಎಲ್ಲವೂ ಸರಿಯಾಗಿ ಕೂಡಿ ಬಂದರೂ ನಾಲ್ಕು ದಿನ. ನಮ್ಮ ಕಡೆ ಅಷ್ಟು ದಿನ ಯಾರೂ ಕಾಯುವುದಿಲ್ಲ ಅಲ್ವಾ.

ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ. ಗೊತ್ತಿದ್ದೂ "ಏನೂ ಆಗಲ್ಲ, ಹೋಗಿ ಬಾ" ಅಂತ ನಿನಗೆ ಹೇಳಲು ಮನಸ್ಸು ಬರಲಿಲ್ಲ. ನನಗೆ ಹಾಗೆ ಹೇಳಿದವರು ಬಹಳ ಜನ.

ಅಪ್ಪ ಹೋದಾಗ ನಾನೆಲ್ಲಿದ್ದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೇಗಿದ್ದೆ ಅಂತ ನಾನು ಯಾರಿಗೂ ಹೇಳಿಲ್ಲ, ಅಕ್ಕನಿಗೂ ಹೇಳಿಲ್ಲ. ಬ್ರೆಜಿಲ್‌ನಲ್ಲಿ ಅದಿರು ತುಂಬಿಕೊಂಡು ಜಪಾನಿಗೆ ಹೊರಟಿದ್ದೆವು. ಆಫ್ರಿಕಾದ ತುದಿ ಸುತ್ತಿ ಹೋಗುವ ದಾರಿ ಅದು. ದಕ್ಷಿಣ ಅಟ್ಲಾಂಟಿಕ್‌ನ ನಡುಮಧ್ಯೆ ರೇಡಿಯೋ ಆಫೀಸರ್ ಎಂಜಿನ್ ರೂಮಿಗೆ ಇಳಿದು ಬಂದ. ಅವನು ಯಾವತ್ತೂ ಕೆಳಗೆ ಬರುವವನಲ್ಲ. ಕೈಯಲ್ಲಿ ಕಾಗದ ನೋಡಿದಾಗಲೇ ನನಗೆ ತಿಳಿಯಿತು. ಆ ಗದ್ದಲದಲ್ಲಿ ಅವನು ಏನೋ ಹೇಳಿದ, ಕೇಳಿಸಲಿಲ್ಲ. ನಾನು ನನ್ನ ಪಾಳಿ ಮುಗಿಸಿಯೇ ಮೇಲೆ ಹತ್ತಿದೆ. ಆಗ ಇನ್ನೇನು ಮಾಡಬೇಕು ಅಂತ ತೋಚಲಿಲ್ಲ. ಸಿಂಗಪುರದಲ್ಲಿ ನನ್ನನ್ನು ಇಳಿಸುವ ಹೊತ್ತಿಗೆ ಹದಿಮೂರನೇ ದಿನದ ಊಟವೂ ಮುಗಿದಿತ್ತು. ಕೊಳ್ಳಿ ಇಟ್ಟದ್ದು ದೊಡ್ಡಪ್ಪನ ಮಗ. ಆಸ್ಪತ್ರೆಯಿಂದ ಹಿಡಿದು ಸ್ಮಶಾನದವರೆಗಿನ ಏರ್ಪಾಟೆಲ್ಲ ನೋಡಿಕೊಂಡದ್ದು ಅಕ್ಕ. ಈಗ ಅವಳ ಬಗ್ಗೆಯೇ ನೀನು ಇದೇ ಪ್ರಶ್ನೆ ಕೇಳಿದ್ದೀಯ. ನನಗೆ ನಿದ್ದೆ ಬಾರದಿದ್ದುದು ಅದಕ್ಕೇ.

ಒಂದು ವಿಷಯ ಇವತ್ತಿಗೂ ಚುಚ್ಚುತ್ತದೆ. ಹೊರಡುವ ದಿನ ಅಪ್ಪ ಕೇಳಿದ್ದರು, "ಈ ಸಲ ಯಾವ ಕಡೆ?" "ಬ್ರೆಜಿಲ್ ಕಡೆ" ಅಂದೆ. ಅದು ಎಲ್ಲಿದೆ, ಅಲ್ಲಿಂದ ಎಲ್ಲಿಗೆ, ಎಷ್ಟು ದಿನ ನೀರಿನ ಮೇಲೆ, ಯಾವುದನ್ನೂ ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಮಗ ಭೂಮಿಯ ಮೇಲೆ ಎಲ್ಲಿದ್ದಾನೆ ಅಂತ ಗೊತ್ತಿಲ್ಲದೆಯೇ ಅವರು ಹೋದರು. ದೂರ ಇದ್ದದ್ದಕ್ಕಿಂತ ಇದು ನನಗೆ ಜಾಸ್ತಿ ನೋವು ಕೊಟ್ಟಿದೆ.

ಆದ್ದರಿಂದ ಪುಟ್ಟಿ, ನಿನಗೆ ಸಾಧ್ಯವಾದರೆ, ಅಕ್ಕನ ಮುಂದೆ ಭೂಪಟ ಹರಡಿಕೊಂಡು ಕೂರು. ಮೊಬೈಲಿನಲ್ಲಿ ಬೇಡ, ಅವಳಿಗೆ ಕಣ್ಣು ನೋಯುತ್ತದೆ. ಉಶುವಾಯಾದಿಂದ ಬೀಗಲ್ ಕಾಲುವೆ ಹಿಡಿದು ಹೋಗುತ್ತೀವಿ ಅಂತ ಬೆರಳಿಟ್ಟು ತೋರಿಸು. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಕೆಳಗೆ ಡ್ರೇಕ್ ಜಲಸಂಧಿ, ಸುಮಾರು 800 ಕಿಲೋಮೀಟರ್. ಆ ಅಕ್ಷಾಂಶದಲ್ಲಿ ಗಾಳಿಗೆ ಅಡ್ಡ ಬರುವ ನೆಲವೇ ಇಲ್ಲ, ಭೂಮಿಯನ್ನು ಸುತ್ತಿಕೊಂಡೇ ಬೀಸುತ್ತದೆ, ಅದಕ್ಕೇ ಅಷ್ಟು ಅಲೆ ಅಂತ ಹೇಳು. ಆಮೇಲೆ ದಕ್ಷಿಣ ಶೆಟ್ಲೆಂಡ್, ಜ್ವಾಲಾಮುಖಿಯ ಬಾಯೊಳಗೇ ಹಡಗು ನುಗ್ಗುವ ಡಿಸೆಪ್ಶನ್ ದ್ವೀಪ, ಎರಡೂ ಕಡೆ ಬೆಟ್ಟ ನಿಂತ ಲೆಮೇರ್ ಕಾಲುವೆ. ಅಂಚೆ ಕಚೇರಿ ಇರುವ ಪೋರ್ಟ್ ಲಾಕ್‌ರಾಯ್‌ನಲ್ಲಿ ಇಳಿಸಿದರೆ ಅವಳಿಗೊಂದು ಕಾರ್ಡು ಹಾಕು. ತಲುಪಲು ತಿಂಗಳುಗಳೇ ಹಿಡಿಯಬಹುದು, ಆದರೂ ಹಾಕು.

ಭೂಪಟ ಮಡಿಸುವ ಮೊದಲು ಆ ಮಾತನ್ನೂ ಆಡಿಬಿಡು. "ಏನಾದರೂ ಆದರೆ ನನಗೆ ಬರೋಕಾಗಲ್ಲ ಅಮ್ಮ" ಅಂತ ನಿನ್ನ ಬಾಯಿಂದಲೇ ಹೇಳು. ಕಷ್ಟ ಅಂತ ಗೊತ್ತು. ಹೇಳು ಅನ್ನಲು ನನಗೂ ಸಂಕೋಚ ಆಗುತ್ತಿದೆ. ಆದರೆ ಅಕ್ಕ ಅಳುಬುರುಕಿ ಅಲ್ಲ. ನೀನು ಹೇಳದಿದ್ದರೂ ಅದು ಅವಳ ಮನಸ್ಸಿನಲ್ಲಿ ಈಗಾಗಲೇ ಬಂದಿರುತ್ತದೆ. ಹೋಗು ಅಂತ ಅವಳು ಹೇಳಿದರೆ ಆ ಮಾತು ಹಿಡಿದುಕೊಂಡು ಹೋಗು. ಬೇಡ ಅಂದರೆ ಹೋಗಬೇಡ, ಹಿಮ ಮುಂದಿನ ವರ್ಷವೂ ಇರುತ್ತದೆ. ಅವಳು ಬೇಡ ಅನ್ನುತ್ತಾಳೆ ಅಂತ ನನಗೆ ಅನಿಸುವುದಿಲ್ಲ.

ಇನ್ನೊಂದು ವಿಷಯವನ್ನೂ ಆಗಲೇ ತೀರ್ಮಾನ ಮಾಡಿಕೊಳ್ಳಿ. ಈಗಿನ ಹಡಗುಗಳಲ್ಲಿ ಉಪಗ್ರಹದ ಇಂಟರ್ನೆಟ್ ಇದೆ. ನನ್ನ ಕಾಲದಲ್ಲಿ ಸುದ್ದಿಯೂ ನಿಧಾನ, ದಾರಿಯೂ ನಿಧಾನ. ನಿನಗೆ ಸುದ್ದಿ ನಿಮಿಷದಲ್ಲಿ ಬರುತ್ತದೆ, ದಾರಿ ಮಾತ್ರ ಅಷ್ಟೇ ಉದ್ದ ಉಳಿದಿದೆ. ಇದು ಇನ್ನೂ ಕಷ್ಟ ಅಂತ ನನಗೆ ಅನಿಸುತ್ತದೆ. ಕೆಟ್ಟ ಸುದ್ದಿ ಬಂದರೆ ಹಡಗಿನಲ್ಲೇ ತಿಳಿಸಬೇಕೋ, ಉಶುವಾಯಾಗೆ ಇಳಿದ ಮೇಲೋ? ನನ್ನ ಕೇಳಿದರೆ ಕೂಡಲೇ ತಿಳಿಸಬೇಕು. ನನ್ನ ಜೊತೆಗಿದ್ದ ಒಬ್ಬ ಹುಡುಗನಿಗೆ ಬಂದರು ಮುಟ್ಟುವವರೆಗೂ ಮನೆಯವರು ಮುಚ್ಚಿಟ್ಟರು. ಅಷ್ಟು ದಿನ ತಾನು ನಗುನಗುತ್ತಾ ಇದ್ದೆನಲ್ಲ ಅನ್ನುವುದನ್ನು ಅವನಿಗೆ ಕೊನೆಗೂ ತಡೆದುಕೊಳ್ಳಲು ಆಗಲಿಲ್ಲ. ಆದರೂ ಇದು ನಿನ್ನ ಮನಸ್ಸಿಗೆ ಬಿಟ್ಟದ್ದು.

ಅಪ್ಪನ ಸುದ್ದಿ ಬಂದ ಮಾರನೇ ದಿನ ಸಂಜೆ ಹಡಗಿನ ಹಿಂಬದಿಗೆ ಹೋಗಿ ನಿಂತಿದ್ದೆ. ಒಂದು ಆಲ್ಬಟ್ರಾಸ್ ಬೆನ್ನು ಹತ್ತಿತ್ತು. ತುದಿಯಿಂದ ತುದಿಗೆ ಮೂರು ಮೀಟರಿಗೂ ಮಿಕ್ಕಿದ ರೆಕ್ಕೆ. ಒಮ್ಮೆಯೂ ಬಡಿಯಲಿಲ್ಲ, ಅಲೆಯ ಮೇಲಿನ ಗಾಳಿಯಲ್ಲೇ ಏರುತ್ತಾ ಇಳಿಯುತ್ತಾ ಬಂತು. ಎಷ್ಟು ಚೆಂದ ಅನಿಸಿತು. ಅನಿಸಿದ ಕೂಡಲೇ ಮೈಯೆಲ್ಲ ಉರಿಯಿತು. ಅಪ್ಪ ಹೋಗಿದ್ದಾರೆ, ನಾನು ಹಕ್ಕಿ ನೋಡುತ್ತಿದ್ದೇನೆ ಅಂತ. ಒಳಗೆ ಬಂದುಬಿಟ್ಟೆ. ಆಮೇಲೆ ವರ್ಷಗಟ್ಟಲೆ ಕೆಲಸ ಇಲ್ಲದೆ ಡೆಕ್ಕಿಗೆ ಹೋಗಲಿಲ್ಲ. ಎಷ್ಟು ಸಮುದ್ರಗಳನ್ನು ದಾಟಿದೆ, ಏನನ್ನೂ ನೋಡಲಿಲ್ಲ. ಅದರಿಂದ ಅಪ್ಪನಿಗೂ ಏನೂ ಸಿಗಲಿಲ್ಲ.

ನಿನಗೆ ಹೀಗಾಗಬಾರದು. ಡ್ರೇಕ್ ದಾಟುವಾಗ ಆಲ್ಬಟ್ರಾಸ್ ಬಂದರೆ ಹೊರಗೆ ನಿಂತು ನೋಡು, ಒಂದು ಕೈ ಯಾವಾಗಲೂ ಕಂಬಿಯ ಮೇಲೆ ಇರಲಿ. ಫೋನ್ ಹಿಡಿದುಕೊಂಡು ಕ್ಯಾಬಿನ್ನಿನಲ್ಲಿ ಕೂರಬೇಡ. ನೀನು ಸಣ್ಣ ಹಡಗು ಆರಿಸಿದ್ದು ಒಳ್ಳೆಯದಾಯಿತು. ಅಲ್ಲಿ ಒಂದು ಹೊತ್ತಿಗೆ ದಡಕ್ಕೆ 100 ಜನರನ್ನು ಮಾತ್ರ ಬಿಡುತ್ತಾರೆ, 500ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗಿನವರಿಗೆ ಇಳಿಯಲೇ ಬಿಡುವುದಿಲ್ಲ. ನಿನ್ನ ಪಾಳಿ ಬಂದಾಗ ಮನಸ್ಸಿಲ್ಲ ಅಂತ ಉಳಿದುಬಿಡಬೇಡ. ಫೆಬ್ರವರಿ ಅಂದರೆ ತಿಮಿಂಗಿಲಗಳು ಮೇಯುವ ಕಾಲ.

ಬೇರೆ ಬುದ್ಧಿಮಾತು ನನ್ನ ಹತ್ತಿರ ಜಾಸ್ತಿ ಇಲ್ಲ. ಗೊತ್ತಿದ್ದರೆ ಬಿಟ್ಟುಬಿಡು. ಕ್ಯಾಬಿನ್ ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುವೆ ಸಿಕ್ಕರೆ ಹೊಯ್ದಾಟ ಕಮ್ಮಿ. ವಾಂತಿಯ ಮಾತ್ರೆಯನ್ನು ಡಾಕ್ಟರ ಹತ್ತಿರ ಕೇಳಿ ತಂದುಕೋ, ಬೀಗಲ್ ಕಾಲುವೆ ದಾಟುವ ಮೊದಲೇ ನುಂಗು, ಶುರುವಾದ ಮೇಲೆ ಪ್ರಯೋಜನ ಕಮ್ಮಿ. ರಬ್ಬರ್ ದೋಣಿಗೆ ಇಳಿಯುವಾಗ ಇಳಿಸುವವರ ಅಂಗೈ ಹಿಡಿಯಬೇಡ, ಅವರ ಮುಂಗೈ ನೀನು, ನಿನ್ನ ಮುಂಗೈ ಅವರು ಹಿಡಿಯಬೇಕು. ತೋಟಕ್ಕೆ ಹಾಕಿಕೊಂಡು ಹೋಗುವ ಸಾಕ್ಸು, ಪ್ಯಾಂಟು ಒಯ್ಯಬೇಡ. ಉತ್ತರಾಣಿ ಬೀಜ ಅಂಟಿದ್ದರೂ ಹಡಗಿನವರು ಹುಡುಕಿ ತೆಗೆಸುತ್ತಾರೆ. ಹಾಗೆ ಯಾರದೋ ಜೊತೆ ಹೋದ ಒಂದು ಹುಲ್ಲು ಕಿಂಗ್ ಜಾರ್ಜ್ ದ್ವೀಪದಲ್ಲಿ ಬೇರು ಬಿಟ್ಟಿದೆಯಂತೆ. ಪೆಂಗ್ವಿನ್‌ನಿಂದ ಐದು ಮೀಟರ್ ದೂರ ಇರು, ಹಕ್ಕಿಜ್ವರದ ಭಯದಿಂದ ಈಗ ನೆಲದ ಮೇಲೆ ಕೂರಲೂ ಬಿಡುವುದಿಲ್ಲ.

ವಿಮೆಯ ಕಾಗದ ಮಾತ್ರ ಪೂರ್ತಿ ಓದಿ ಸಹಿ ಹಾಕು. ನಿನ್ನನ್ನು ಅಲ್ಲಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಅದರಲ್ಲಿ ಇರಲೇಬೇಕು. ಮನೆಯವರಿಗೆ ಹುಷಾರಿಲ್ಲದೆ ಪ್ರಯಾಣ ನಿಂತರೆ ದುಡ್ಡು ಕೊಡುತ್ತೇವೆ ಅಂತಲೂ ಬರೆದಿರುತ್ತಾರೆ. ಆದರೆ ಮೊದಲಿಂದ ಇದ್ದ ಕಾಯಿಲೆಯಾದರೆ ಎಷ್ಟೋ ಕಡೆ ಕೊಡುವುದಿಲ್ಲ. ಅಕ್ಕನ ವಿಷಯದಲ್ಲಿ ಅದನ್ನು ಬಾಯಿಬಿಟ್ಟು ಕೇಳು.

ಹಡಗು ಬಿಡುವ ತಾರೀಕು, ವಾಪಸ್ ಬರುವ ತಾರೀಕು, ಹಡಗಿನ ಆಫೀಸಿನ ನಂಬರು ಒಂದು ಹಾಳೆಯಲ್ಲಿ ಬರೆದು ಕಳಿಸು. ಅಷ್ಟೂ ದಿನ ನಾನು ಅಕ್ಕನ ಮನೆಯಲ್ಲೇ ಇರುತ್ತೇನೆ. ಇದನ್ನು ಮೊದಲೇ ಬರೆಯಬೇಕಿತ್ತು. ಏನಾದರೂ ಆದರೆ ನಿನ್ನ ಪಾಲಿನ ಕೆಲಸ ನಾನು ಮಾಡುತ್ತೇನೆ, ಕೂಡಲೇ ನಿನಗೆ ಫೋನೂ ಮಾಡುತ್ತೇನೆ. ನಾನು ಬರುವುದನ್ನು ಅಕ್ಕನಿಗೆ ನೀನೇ ಹೇಳು. ನಾನು ಹೇಳಿದರೆ "ನಿನಗ್ಯಾಕೆ ತೊಂದರೆ" ಅಂತ ಬೇಡ ಅಂದಾಳು.

ಇಂತಿ ನಿನ್ನ ಪ್ರೀತಿಯ ಮಾವ