ಮಡಿಕೇರಿಯ ನೆರಳನ್ನು ಅಳೆಯಿರಿ

ಮಾನ್ಯ ಸಂಪಾದಕರೇ,

ಸುತ್ತಲಿನ ಕಾಫಿ ತೋಟ, ದೇವರಕಾಡುಗಳ ಹಸಿರು ಕಣ್ಣು ತುಂಬುವುದರಿಂದ ಮಡಿಕೇರಿ ಪೇಟೆಯ ಒಳಗೆ ಮರ ಕಡಿಮೆಯಾಗುತ್ತಿರುವುದು ನಮ್ಮ ಗಮನಕ್ಕೇ ಬರುವುದಿಲ್ಲ. ನಮ್ಮ ಬೀದಿಯ ತಿರುವಿನಲ್ಲಿದ್ದ ದೊಡ್ಡ ಹಲಸಿನ ಮರ ಕಳೆದ ಬೇಸಿಗೆಯಲ್ಲಿ ಹೋಯಿತು. ಬದಲಿಗೆ ನೆಟ್ಟ ಎರಡು ಸಸಿಗಳು ಇನ್ನೂ ಮೊಣಕಾಲೆತ್ತರಕ್ಕಿವೆ. ಕಾಗದದಲ್ಲಿ ಒಂದಕ್ಕೆ ಎರಡು. ಬೀದಿಯಲ್ಲಿ ಬರೀ ಬಿಸಿಲು.

ಸಸಿಗಳನ್ನು ಎಣಿಸಿದರೆ ಸಾಲದು, ನೆರಳನ್ನು ಅಳೆಯಬೇಕು. ಅದು ದುಬಾರಿಯೂ ಅಲ್ಲ. ಐ-ಟ್ರೀ ಕ್ಯಾನಪಿ ಎಂಬ ಉಚಿತ ತಂತ್ರಾಂಶ ಊರಿನ ವೈಮಾನಿಕ ಚಿತ್ರದ ಮೇಲೆ ಅಲ್ಲಲ್ಲಿ ಬಿಂದುಗಳನ್ನು ಚೆಲ್ಲುತ್ತದೆ. ಪ್ರತಿ ಬಿಂದು ಬಿದ್ದದ್ದು ಮರದ ಮೇಲೋ, ಹೆಂಚಿನ ಮೇಲೋ, ಡಾಂಬರಿನ ಮೇಲೋ ಎಂದು ಗುರುತಿಸುತ್ತ ಹೋದರಾಯಿತು. 500 ಬಿಂದುಗಳಲ್ಲಿ 150 ಮರದ ಮೇಲೆ ಬಿದ್ದರೆ ಊರಿನ ಮೇಲೆ ಮರಗಳ ಹೊದಿಕೆ ಶೇ 30. ಪ್ರಮಾಣಿತ ದೋಷ (ಅಂದಾಜು ಸಾಮಾನ್ಯವಾಗಿ ಆಚೀಚೆಯಾಗುವ ಪ್ರಮಾಣ) ಶೇ 2ರಷ್ಟು ಮಾತ್ರ. ಕಾಲೇಜು ಮಕ್ಕಳು ಎರಡು ದಿನದಲ್ಲಿ ಮುಗಿಸಬಲ್ಲ ಕೆಲಸ. ಆದರೆ ಮೇಲಿನಿಂದ ನೋಡಿದರೆ ಹೊರಗಿನಿಂದ ಬಂದ ಸಿಲ್ವರ್ ಓಕ್ ಮತ್ತು ನಮ್ಮ ಹಳೆಯ ಅತ್ತಿ ಎರಡೂ ಹಸಿರೇ ಆದ್ದರಿಂದ, ಯಾವ ಮರ ಎಂದು ತಿಳಿಯಲು ನಡೆದು ನೋಡುವುದೂ ಬೇಕು.

1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಅನುಮತಿ ಬೇಕು. ಆ ಅನುಮತಿ ಕೊಡುವಾಗ ವಾರ್ಡಿನ ನೆರಳಿನ ಪ್ರಮಾಣವೂ ಅಧಿಕಾರಿಯ ಎದುರಿಗಿರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನು ಕಂಡವರು ನಾವು. ಇಳಿಜಾರಿನ ಮರಗಳನ್ನಂತೂ ಮೊದಲು ಪಟ್ಟಿ ಮಾಡಬೇಕು. ನಗರಸಭೆ ಈ ಮಳೆಗಾಲ ಕಳೆದೊಡನೆ ಮೊದಲ ಅಳತೆ ನಡೆಸಿ, ವಾರ್ಡುವಾರು ಅಂಕಿಗಳನ್ನು ಪ್ರಕಟಿಸಲಿ ಎಂದು ಕೋರುತ್ತೇನೆ.

– ಒಬ್ಬ ನಿವಾಸಿ, ಮಡಿಕೇರಿ