ಜೀವವಿಕಾಸದ ಚರ್ಚೆ ಧಾರವಾಡದಲ್ಲಿ ಕನ್ನಡದಲ್ಲಿಯೂ ನಡೆಯಲಿ

ಮಾನ್ಯ ಸಂಪಾದಕರೇ,

ಜೀವಿಸಮೂಹಗಳ ತಳಿವಿಜ್ಞಾನ ಮತ್ತು ಜೀವವಿಕಾಸ ಕುರಿತ ಪ್ರಾದೇಶಿಕ ವಿಜ್ಞಾನ ಸಮ್ಮೇಳನವೊಂದು ಧಾರವಾಡದಲ್ಲಿ ನಡೆಯಬೇಕು, ಅದರ ಒಂದು ದಿನವಾದರೂ ಪೂರ್ತಿ ಕನ್ನಡದಲ್ಲಿ, ರೈತರು ಮತ್ತು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರ ಸಮ್ಮುಖದಲ್ಲಿ ನಡೆಯಬೇಕು ಎಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ. ಕರ್ನಾಟಕ ವಿಶ್ವವಿದ್ಯಾಲಯವೂ ಕೃಷಿ ವಿಶ್ವವಿದ್ಯಾಲಯವೂ ಒಂದೇ ಊರಿನಲ್ಲಿರುವಾಗ ಸ್ಥಳಕ್ಕಾಗಲಿ ಪರಿಣತರಿಗಾಗಲಿ ಕೊರತೆಯಾಗದು.

ಜೀವಿಗಳ ಗುಂಪಿನಲ್ಲಿ ಯಾವ ವಂಶವಾಹಿ ಎಷ್ಟು ಹರಡಿದೆ ಎಂದು ಲೆಕ್ಕ ಹಾಕುವ ಈ ವಿಜ್ಞಾನಕ್ಕೂ ನಮ್ಮ ಹೊಲಗಳಿಗೂ ಇರುವ ನಂಟು ಹತ್ತಿಯಲ್ಲಿ ಎದ್ದು ಕಾಣುತ್ತದೆ. 1972ರಲ್ಲಿ ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ ಪಡೆದ ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ಕೊಟ್ಟ ಊರು ಧಾರವಾಡ. 2002ರಲ್ಲಿ ಬಿಟಿ ಹತ್ತಿಗೆ, ಅಂದರೆ ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿ ಸೇರಿಸಿ ಹುಳು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಮಾಡಿದ ಹತ್ತಿಗೆ, ದೇಶದಲ್ಲಿ ಅನುಮತಿ ದೊರೆಯಿತು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಹುಳು ಆ ವಿಷವನ್ನು ತಡೆದುಕೊಳ್ಳುವಂತಾದದ್ದು ಬಯಲಾಯಿತು. ಮುಂದೆ ಎರಡು ವಂಶವಾಹಿಗಳ ಬಿಟಿಗೂ ಅದು ಬಗ್ಗಲಿಲ್ಲ. ಹಾವೇರಿ, ಗದಗ ಕಡೆಯ ಹತ್ತಿ ಹೊಲಕ್ಕೆ ಇಳಿದು ಒಂದು ಕಾಯಿ ಸೀಳಿದರೆ ಗುಲಾಬಿ ಬಣ್ಣದ ಹುಳುವೂ ಅದು ಕೊರೆದು ಅಂಟಿಸಿದ ಜೋಡಿ ಬೀಜಗಳೂ ಕಾಣುತ್ತವೆ. ಹೊರಗಿನಿಂದ ನೋಡಿದವರಿಗೆ ಆ ಕಾಯಿ ಚೆನ್ನಾಗಿಯೇ ಇರುತ್ತದೆ.

ಇದನ್ನು ಬರೀ ಕಳಪೆ ಬೀಜದ ದೋಷವೆಂದು ಬೈದು ಸುಮ್ಮನಾಗುವುದು ನನಗೆ ಸರಿಕಾಣದು. ವಿಷ ತಡೆದುಕೊಳ್ಳುವ ವಂಶವಾಹಿ ಬಹುಮಟ್ಟಿಗೆ ಅಪ್ರಬಲ ಸ್ವಭಾವದ್ದು. ತಂದೆ-ತಾಯಿ ಇಬ್ಬರಿಂದಲೂ ಅದು ಬಂದಾಗ ಮಾತ್ರ ಹುಳು ಬದುಕುತ್ತದೆ. ಅಂಥ ವಂಶವಾಹಿ ಸಾವಿರಕ್ಕೆ ಒಂದರಂತೆ ಇದ್ದರೆ ಬದುಕುವ ಹುಳು, ಸಾವಿರವನ್ನು ಸಾವಿರದಿಂದ ಗುಣಿಸಿದಂತೆ, ಹತ್ತು ಲಕ್ಷಕ್ಕೆ ಒಂದು. ಹತ್ತಕ್ಕೆ ಒಂದಾದರೆ ನೂರಕ್ಕೆ ಒಂದು. 1908ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ಮತ್ತು ಜರ್ಮನಿಯ ವೈದ್ಯ ವೈನ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡ ನಿಯಮವೇ ಈ ಲೆಕ್ಕದ ತಳಹದಿ. ಬಿಟಿ ಬೀಜದ 450 ಗ್ರಾಂ ಪಾಕೀಟಿನ ಜೊತೆ 120 ಗ್ರಾಂ ನಾನ್‌ಬಿಟಿ ಬೀಜ ಕೊಡುತ್ತಿದ್ದುದರ ಕಾರಣವೂ ಇದರಲ್ಲೇ ಇದೆ: ಹೊಲದ ಅಂಚಿನ ಆ ಸಾಲುಗಳಲ್ಲಿ ಬೆಳೆದ ಸಾಮಾನ್ಯ ಪತಂಗಗಳು ಬದುಕುಳಿದ ಪತಂಗಗಳೊಂದಿಗೆ ಕೂಡಿದರೆ, ಆ ವಂಶವಾಹಿಯ ಒಂದೇ ಪ್ರತಿ ಪಡೆದು ಹುಟ್ಟುವ ಮರಿಗಳು ಬಿಟಿ ಗಿಡ ತಿಂದು ಸಾಯಬೇಕು. ಆ ಸಣ್ಣ ಪಾಕೀಟನ್ನು ಬದುವಿನ ಮೇಲೆ ಎಸೆದ ರೈತನಿಗೆ ಇಷ್ಟನ್ನು ಅವನ ಮಾತಿನಲ್ಲಿ ಯಾರೂ ಹೇಳಿರಲಿಲ್ಲ. ಈಗ ನಾನ್‌ಬಿಟಿ ಬೀಜವನ್ನು ಬಿಟಿಯೊಳಗೇ ಬೆರೆಸಿ ಕೊಡುವ ಪದ್ಧತಿ ಬಂದಿದೆ. ಅಷ್ಟು ಬೆರಕೆ ನಮ್ಮ ಎರೆ ಹೊಲಗಳಿಗೆ ಸಾಕೇ ಎಂಬ ಪ್ರಶ್ನೆಗೆ ಸಮ್ಮೇಳನದ ವೇದಿಕೆಯಿಂದಲೇ ಉತ್ತರ ಸಿಗಲಿ.

2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಸಂಗತಿಯೂ ಹೀಗೆಯೇ. ಮೆಣಸಿನ ಗಿಡದಲ್ಲಿ ಪರಕೀಯ ಪರಾಗಸ್ಪರ್ಶ ಸಾಕಷ್ಟು ನಡೆಯುವುದರಿಂದ, ಪಕ್ಕದ ಹೊಲದ ಹೈಬ್ರಿಡ್‌ನ ಪರಾಗ ಬ್ಯಾಡಗಿಯ ಡಬ್ಬಿ, ಕಡ್ಡಿ ತಳಿಗಳ ಬೀಜಕ್ಕೆ ಬೆರೆಯುತ್ತದೆ. ಮನೆಯಲ್ಲೇ ಬೀಜ ಹಿಡಿಯುವ ರೈತರು ಎಷ್ಟು ಗಿಡಗಳಿಂದ, ಎಷ್ಟು ದೂರ ಬಿಟ್ಟು ಬೀಜ ಆಯಬೇಕು ಎಂಬುದನ್ನು ತಜ್ಞರು ತಿಳಿಸಬೇಕು.

ರಕ್ತಸಂಬಂಧದ ಮದುವೆಯ ವಿಷಯದಲ್ಲಿ ಮಾತ್ರ ತಜ್ಞರು ಎಚ್ಚರದಿಂದ, ಯಾರ ಮನಸ್ಸೂ ನೋಯದಂತೆ ಮಾತನಾಡಬೇಕು. ಕೆಲವು ಕಾಯಿಲೆಗಳ ಅಪ್ರಬಲ ವಂಶವಾಹಿಯೂ ತಂದೆ-ತಾಯಿ ಇಬ್ಬರಿಂದಲೂ ಬಂದಾಗಲೇ ಮಗುವನ್ನು ಕಾಡುತ್ತದೆ. ಅಕ್ಕನ ಮಗಳನ್ನು ಮದುವೆಯಾದವನ ಮಗುವಿನಲ್ಲಿ ಒಂದೇ ಪೂರ್ವಜರ ಒಂದೇ ವಂಶವಾಹಿಯ ಪ್ರತಿಗಳು ಎರಡೂ ಕಡೆಯಿಂದ ಬಂದು ಸೇರುವ ಸಾಧ್ಯತೆ 8ರಲ್ಲಿ 1. ಸೋದರತ್ತೆ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾದವರ ಮಗುವಿನಲ್ಲಿ 16ರಲ್ಲಿ 1. ಈ ಅಂಕಿಗಳನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಬಲ್ಲ ಶಿಕ್ಷಕರು ಹಳ್ಳಿಗಳಲ್ಲಿ ಬೇಕಾಗಿದ್ದಾರೆ.

ಧಾರವಾಡದ ಕೃಷಿ ಮೇಳಕ್ಕೆ ಸುತ್ತಲಿನ ಜಿಲ್ಲೆಗಳ ರೈತರು ಹೇಗೂ ಬರುತ್ತಾರೆ. ಸಮ್ಮೇಳನದ ಕನ್ನಡದ ದಿನವನ್ನು ಆ ಮೇಳಕ್ಕೆ ಹೊಂದಿಸಿ, ಬರುವ ಶಿಕ್ಷಕರಿಗೆ ಅನ್ಯಕಾರ್ಯ ನಿಮಿತ್ತ ರಜೆ ಮಂಜೂರು ಮಾಡಿಸಿ, ಅಂದಿನ ಉಪನ್ಯಾಸಗಳನ್ನು ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿ ರೈತ ಸಂಪರ್ಕ ಕೇಂದ್ರಗಳಿಗೆ ತಲುಪಿಸಬೇಕೆಂದು ಎರಡೂ ವಿಶ್ವವಿದ್ಯಾಲಯಗಳ ಕುಲಪತಿಗಳಲ್ಲಿ ವಿನಂತಿಸುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಹಾವೇರಿ