ಹರಳು ಕಟ್ಟುವವರೆಗೆ

ಗೆಳೆಯಾ,

ಎಂ.ಎಸ್ಸಿ ಮುಗಿದ ಮೇಲೆ ಕ್ರಿಸ್ಟಲೋಗ್ರಫಿಗೆ, ಅಂದರೆ ಹರಳಿಗೆ ಎಕ್ಸ್‌ರೇ ಹಾಯಿಸಿ ಅದರೊಳಗಿನ ಅಣುವಿನ ರಚನೆ ಕಂಡುಹಿಡಿಯುವ ಈ ಕೆಲಸಕ್ಕೆ, ಬರಲಾ ಅಂತ ನೀನು ಕೇಳಿದ್ದೆ. ನಾನು ಹದಿನೈದು ದಿನ ಸುಮ್ಮನಿದ್ದೆ, ಕೋಪ ಮಾಡಿಕೊಳ್ಳಬೇಡ. ನನ್ನ ಸೀಸೆಯಲ್ಲಿ ಹರಳು ಕಟ್ಟಿದರೆ ಖುಷಿಯಲ್ಲಿ ಬರೆಯೋಣ ಅಂದುಕೊಂಡಿದ್ದೆ. ಕಟ್ಟಲಿಲ್ಲ. ತಳದಲ್ಲಿ ಎಣ್ಣೆಯಂಥ ಜಿಡ್ಡು ಕೂತಿದೆ, ಅಷ್ಟೇ.

ಎಕ್ಸ್‌ರೇ ಯಂತ್ರ ನಡೆಸುವುದೇ ನಮ್ಮ ಕಷ್ಟ ಅಂತ ಎಲ್ಲರೂ ತಿಳಿದಿದ್ದಾರೆ. ಅಲ್ಲ ಮಾರಾಯ. ಅಣು ಚಿಕ್ಕದಿದ್ದು ಹರಳು ಚೆನ್ನಾಗಿದ್ದರೆ, ಬೆಳಿಗ್ಗೆ ಯಂತ್ರಕ್ಕೆ ಕೂರಿಸಿ ಸಂಜೆಗೆ ಅದರ ರಚನೆ ನೋಡಬಹುದು. ಅದಕ್ಕೆ ಬೇಕಾದ ಹರಳು 0.2 ಮಿಲಿಮೀಟರ್ ಇದ್ದರೂ ಸಾಕು. ರವೆ ಕಾಳಿಗಿಂತ ಸಣ್ಣದು! ಅಷ್ಟಕ್ಕೇ ನನಗೆ ಎರಡು ತಿಂಗಳು ಹೋಯಿತು. ಕಲ್ಲುಸಕ್ಕರೆಯ ಹಾಗೇ ಇದು, ದ್ರಾವಣ ನಿಧಾನಕ್ಕೆ ಗಟ್ಟಿಯಾಗಬೇಕು. ಅವಸರ ಮಾಡಿದರೆ ಪುಡಿ ಬೀಳುತ್ತದೆ. ಸೀಸೆಯ ಮುಚ್ಚಳಕ್ಕೆ ಸೂಜಿಯಲ್ಲಿ ಎಷ್ಟು ತೂತು ಹಾಕಬೇಕು ಅನ್ನುವುದನ್ನು ಯಾವ ಪುಸ್ತಕವೂ ಹೇಳಲಿಲ್ಲ. ನಾಲ್ಕು ಹಾಕಿದೆ, ಒಂದೇ ವಾರಕ್ಕೆ ಒಣಗಿಹೋಯಿತು. ಈಗ ಒಂದೇ ತೂತು.

230 ಸ್ಪೇಸ್ ಗ್ರೂಪ್ (ಹರಳಿನೊಳಗೆ ಅಣುಗಳು ಜೋಡಣೆಯಾಗುವ ಸಮ್ಮಿತಿಯ ಬಗೆಗಳು), ಬ್ರ್ಯಾಗ್ ನಿಯಮ (ಹರಳಿನಿಂದ ಎಕ್ಸ್‌ರೇ ಯಾವ ಕೋನಕ್ಕೆ ಚಿಮ್ಮುತ್ತದೆ ಅನ್ನುವ ಲೆಕ್ಕ), ಇದೆಲ್ಲ ಓದಿದರೆ ಬರುತ್ತದೆ, ಅದಕ್ಕೆ ಹೆದರಬೇಡ. ತಲೆ ಕೆಡಿಸುವುದು ಫೇಸ್ ಸಮಸ್ಯೆ. ಹರಳಿನಿಂದ ಚಿಮ್ಮಿದ ಎಕ್ಸ್‌ರೇ ಡಿಟೆಕ್ಟರಿನ ಮೇಲೆ ಚುಕ್ಕೆಗಳಾಗಿ ಬೀಳುತ್ತದೆ; ಆ ಚುಕ್ಕೆಗಳು ಎಷ್ಟು ಗಾಢ ಅನ್ನುವುದಷ್ಟೇ ಅದಕ್ಕೆ ಗೊತ್ತಾಗುತ್ತದೆ. ಅಲೆ ಯಾವ ಹಂತದಲ್ಲಿತ್ತು ಅನ್ನುವುದು ಕಳೆದುಹೋಗಿರುತ್ತದೆ. ಸಣ್ಣ ಅಣುವಿಗೆ ಈಗ ಕಂಪ್ಯೂಟರೇ ದಾರಿ ಹುಡುಕುತ್ತದೆ. ಪ್ರೋಟೀನಿಗೆ ಮಾತ್ರ ಇನ್ನೂ ಬೆವರು ಬೇಕು. ಬ್ರಿಟನ್ನಿನ ವಿಜ್ಞಾನಿ ಡೊರೊಥಿ ಹಾಡ್ಗ್‌ಕಿನ್ 1935ರಲ್ಲಿ ಇನ್ಸುಲಿನ್ ಹರಳಿನ ಎಕ್ಸ್‌ರೇ ಚಿತ್ರ ತೆಗೆದರು, ರಚನೆ ಗೊತ್ತಾಗಿದ್ದು 1969ರಲ್ಲಿ. ನಡುವೆ 1964ರಲ್ಲಿ ಬೇರೆ ಅಣುಗಳ ರಚನೆ ಬಿಡಿಸಿದ್ದಕ್ಕೆ ನೊಬೆಲ್ಲೂ ಬಂತು, ಇನ್ಸುಲಿನ್ ಮಾತ್ರ ಬಗ್ಗಲಿಲ್ಲ. ಆ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ನಮ್ಮ ಬೆಂಗಳೂರಿನ ಐಐಎಸ್‌ಸಿಗೆ ಬಂದು ಇಲ್ಲಿ ಪ್ರೋಟೀನ್ ಕ್ರಿಸ್ಟಲೋಗ್ರಫಿ ಬೆಳೆಸಿದರು. ನನ್ನ ಎರಡು ತಿಂಗಳ ಗೋಳು ಅದರ ಮುಂದೆ ಎಷ್ಟರದ್ದು, ಅಲ್ವಾ?

ಆದರೂ ಒಂದು ಮಾತು. ಹೋದ ವರ್ಷ ಮೊದಲ ಹರಳು ಸಿಕ್ಕಾಗ ಪರದೆ ಮೇಲೆ ಚುಕ್ಕೆಗಳು ಸಾಲಾಗಿ ಮೂಡಿದವು. ಚುಕ್ಕಿ ರಂಗೋಲಿಯ ಹಾಗೆ. ಅವತ್ತು ಊಟಕ್ಕೆ ಹೋಗುವುದೇ ಮರೆತುಹೋಗಿತ್ತು.

ಬರಲಾ ಬೇಡವಾ ಅನ್ನುವುದಕ್ಕೆ ಮೊದಲು ಒಂದು ಕೆಲಸ ಮಾಡು. ಕ್ಷೌರದಂಗಡಿಯವರು ಬಳಸುತ್ತಾರಲ್ಲ, ಆ ಪಟಿಕ ತಗೋ. ಬಿಸಿನೀರಿನಲ್ಲಿ ಕರಗುವಷ್ಟೂ ಕರಗಿಸು. ತಣ್ಣಗಾದ ಮೇಲೆ ದಾರಕ್ಕೆ ಒಂದು ಸಣ್ಣ ಹರಳು ಕಟ್ಟಿ ಅದರೊಳಗೆ ಇಳಿಬಿಡು. ಹತ್ತು ದಿನ ಮುಟ್ಟಬೇಡ, ಎತ್ತಿ ನೋಡಬೇಡ. ನಿನ್ನ ಕೈಲಿ ಆಯಿತಾ ಅಂತ ಬರೆ.

ನಿನ್ನ ಹಳೇ ರೂಮ್‌ಮೇಟ್